ಬಬಲೇಶ್ವರದ ಹಾದಿಯಲ್ಲಿ ಒಂದು ಭಾನುವಾರ

ಪ್ರವಾಸ ಎಂದಾಕ್ಷಣ ನಮ್ಮ ಮನಸ್ಸು ದೂರದ ಊರುಗಳ ಕಡೆಗೆ ಓಡುತ್ತದೆ. ನಾನು ಇಲ್ಲಿ ಹೇಳಹೊರಟಿರುವುದು ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಿದ, ನಮ್ಮದೇ ಜಿಲ್ಲೆಯೊಳಗಿನ ಒಂದು ಸಣ್ಣ ಪ್ರಯಾಣದ ಕುರಿತು. ವಿಜಯಪುರದಿಂದ ತಿಕೋಟಾ, ಅಲ್ಲಿಂದ ಹೊನವಾಡ, ಕೊನೆಗೆ ನನ್ನ ಅಕ್ಕನ ಊರಾದ ಬಬಲೇಶ್ವರ. ಖರ್ಚು ಹೆಚ್ಚೇನೂ ಆಗಲಿಲ್ಲ. ಆದರೆ ಹೊರಡುವ ಧೈರ್ಯ ಮಾಡಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ತಿಕೋಟಾದ ಹತ್ತಿರ ನನ್ನ ಬಿ.ಎ. ಸಹಪಾಠಿಯೊಬ್ಬನ ದ್ರಾಕ್ಷಿ ತೋಟವಿದೆ. ಮದ್ರಸದ ಕಲಿಕೆ ಮುಗಿಸಿ, ಗಡ್ಡ ಟೋಪಿಯೊಂದಿಗೆ ಅಂಜುತ್ತಾ ಕಾಲೇಜಿಗೆ ಬಂದ ನನ್ನನ್ನು ಮೊದಲ ದಿನವೇ 'ಮೌಲಾನಾ' ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡವನು ಅವನು. ಹಳಗನ್ನಡದ ಪಾಠ ಅವನು ನನಗೆ ಹೇಳಿಕೊಟ್ಟ. ಆದಿಲ್‌ಶಾಹಿ ಇತಿಹಾಸದ ಹೆಸರುಗಳನ್ನು ಬಾಯಿಪಾಠ ಮಾಡಲು ನಾನು ಅವನಿಗೆ ನೆರವಾದೆ. ಆಮೇಲೆ ನಾನು ಶಿಕ್ಷಕನಾದೆ, ಅವನು ತಂದೆಯ ಹೊಲ ನೋಡಿಕೊಂಡ. ಪ್ರತಿ ವರ್ಷ ರಮಝಾನ್ ಹತ್ತಿರ ಬಂದಾಗ ಅವನ ಮನೆಯಿಂದ ಒಂದು ಡಬ್ಬಿ ಮಣೂಕ ನಮ್ಮ ಮನೆಗೆ ಬರುತ್ತಿತ್ತು. 2025ರ ರಮಝಾನಿನಲ್ಲಿ ಬರಲಿಲ್ಲ. ತಪ್ಪು ಅವನದಾಗಿರಲಿಲ್ಲ.

2024ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಹೆಸರು ಇಡೀ ದೇಶದ ಟಿ.ವಿ.ಗಳಲ್ಲಿ ಕೇಳಿಬಂದುದು ಓದುಗರಿಗೆ ನೆನಪಿರಬಹುದು. ತಿಕೋಟಾ ತಾಲೂಕಿನ ಹೊನವಾಡದಲ್ಲಿ ರೈತರ 1,200 ಎಕರೆ ಹೊಲವನ್ನು ವಕ್ಫ್ ಆಸ್ತಿಯೆಂದು ಮಾಡಲಾಗುತ್ತಿದೆ ಎಂಬ ಸುದ್ದಿ ಅದು. ರಾಜ್ಯದಲ್ಲಿ ಆಗ ಉಪಚುನಾವಣೆಯ ಕಾವು. ನಮ್ಮ ಹಳೆಯ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾನು ಬರೆದೆ: "ಇದೆಲ್ಲ ಮತಕ್ಕಾಗಿ ಆಡುವ ನಾಟಕ. ಒಬ್ಬ ರೈತನ ಒಂದು ಗುಂಟೆಯೂ ಹೋಗಿಲ್ಲ." ಗೆಳೆಯ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟ: "ನಿನ್ನ ಹೊಲದ ಉತಾರಾ ಆಗಿದ್ರ ಹಿಂಗ ಅಂತಿದ್ಯಾ ಮೌಲಾನಾ?"

ನನಗೆ ಹೊಲವಿಲ್ಲ. ಉತ್ತರವೂ ಇರಲಿಲ್ಲ. ಅಂದಿನಿಂದ ನಾವಿಬ್ಬರೂ ಮಾತು ನಿಲ್ಲಿಸಿದೆವು.

ಮತ್ತೆ ಆ ಸಾಲನ್ನು ನೆನಪಿಸಿದವನು ಅಮೆರಿಕದಲ್ಲಿರುವ ಅಕ್ಕನ ಮಗ. ಟೆಕ್ಸಾಸ್ ರಾಜ್ಯದ ಪ್ಲೇನೋ ಎಂಬ ಊರಿನಲ್ಲಿ ಅವನು ಇಂಜಿನಿಯರ್. ಅಲ್ಲಿಯ ಮುಸ್ಲಿಮರು ಕೊಂಡ ಒಂದು ಹೊಲದ ಮೇಲೆ ದೊಡ್ಡ ರಾದ್ಧಾಂತ ನಡೆದಿದೆಯೆಂದು ಹೇಳುತ್ತಾ ಅವನೆಂದ: "ಮಾಮೂ, ಕಾಗದ ಎಲ್ಲಾ ಸರಿ ಇದ್ರೂ ಅಂಜಿಕಿ ಹೋಗೂದಿಲ್ರಿ." ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಅಳಿಯನ ಅಂಜಿಕೆ ನನಗೆ ಅರ್ಥವಾಗುತ್ತದೆ, ಗೆಳೆಯನ ಅಂಜಿಕೆ ಮಾತ್ರ ನಾಟಕವೇ? ಕಳೆದ ಫೆಬ್ರವರಿಯ ಮೊದಲ ಭಾನುವಾರ ನಾನು ಅಥಣಿ ರಸ್ತೆಯ ಬಸ್ ಹತ್ತಿದೆ.

ತೊರವಿಯ ದಾರಿ

ಬಸ್ಸಿನ ತುಂಬ ಹೆಣ್ಣುಮಕ್ಕಳು. 2023ರಲ್ಲಿ ಉಚಿತ ಪ್ರಯಾಣದ ಯೋಜನೆ ಬಂದ ಮೇಲೆ ಜಾತ್ರೆ, ತವರು, ಸಂತೆ ಎಂದು ಓಡಾಡುವವರಲ್ಲಿ ಅವರೇ ಮುಂದು. ನಗರದ ಪಶ್ಚಿಮಕ್ಕೆ ಹೊರಟರೆ ಶಹಾಪುರ ಅಗಸಿಯ ಹೊರಗಿನ ದಿಬ್ಬದ ಮೇಲೆ ಶಾಹ್ ಅಮೀನುದ್ದೀನ್‌ರ ದರ್ಗಾದ ಬಿಳಿ ಗುಮ್ಮಟ ಕಾಣುತ್ತದೆ. 17ನೇ ಶತಮಾನದ ಈ ಸೂಫಿಗಳು ದಖನಿ ಭಾಷೆಯಲ್ಲಿ ಬರೆದವರು. ಬಿಜಾಪುರದ ಸೂಫಿಗಳ ಪದ್ಯಗಳನ್ನು ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದರೆಂದು ಇತಿಹಾಸಕಾರ ರಿಚರ್ಡ್ ಈಟನ್ ಬರೆದಿದ್ದಾರೆ. ಅಂಥವರ ಹೆಸರೇ 2024ರ ಗದ್ದಲದಲ್ಲಿ ಹೊಲದ ಜಗಳಕ್ಕೆ ಎಳೆದುಬಂದದ್ದು ಎಂಥ ವಿಪರ್ಯಾಸ!

ಮುಂದೆ ಕೆಲವೇ ಕಿಲೋಮೀಟರಿನಲ್ಲಿ ತೊರವಿ. ಇಲ್ಲಿ ಮಹಿಳಾ ವಿಶ್ವವಿದ್ಯಾಲಯದ ಆವರಣವಿದೆ, ನರಸಿಂಹನ ಗುಡಿಯಿದೆ, ಎರಡನೇ ಇಬ್ರಾಹೀಂ ಆದಿಲ್‌ಶಾಹನ ಸಂಗೀತ ಮಹಲಿನ ಅವಶೇಷವಿದೆ. ಕನ್ನಡದ ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿ ಈ ಊರಿನ ನರಸಿಂಹನ ಭಕ್ತ. ಇಬ್ರಾಹೀಂ 1599ರಲ್ಲಿ ಇಲ್ಲಿಯೇ ನೌರಸಪುರ ಎಂಬ ಹೊಸ ನಗರ ಕಟ್ಟಲು ತೊಡಗಿದ. 1624ರಲ್ಲಿ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ಹಾಳುಮಾಡಿದವನೂ ಮುಸ್ಲಿಮನೇ, ಕಟ್ಟಿದವನೂ ಮುಸ್ಲಿಮನೇ. ರಾಜರ ಜಗಳಗಳು ಸಿಂಹಾಸನಕ್ಕಾಗಿ ನಡೆದವು. ಅವುಗಳಿಗೆ ಧರ್ಮದ ಹೆಸರು ಅಂಟಿಸಿ ಲೆಕ್ಕ ಚುಕ್ತಾ ಮಾಡಲು ಹೊರಟವರು ತೊರವಿಯ ಹಾಳು ಗೋಡೆಗಳನ್ನು ಒಮ್ಮೆ ನೋಡಿ ಬರಬೇಕು.

ಇಬ್ರಾಹೀಮನನ್ನು ಜನ 'ಜಗದ್ಗುರು' ಎಂದು ಕರೆದರು. ಅವನ ಕಿತಾಬ್-ಎ-ನೌರಸ್ ಕೃತಿಯಲ್ಲಿ ಸರಸ್ವತಿಯ ಸ್ತುತಿಯಿದೆ. ಮದ್ರಸದಲ್ಲಿ ಓದಿದ ನನಗೆ ಅವನ ಎಲ್ಲ ನಡೆಯೂ ಒಪ್ಪಿಗೆಯಾಗಬೇಕಿಲ್ಲ. ಆದರೆ ಆಳುವವನ ಧರ್ಮ ಒಂದು, ಪ್ರಜೆಗಳ ಧರ್ಮ ಹಲವು ಎಂಬುದನ್ನು ಅರಿತು ಆಳಿದವನಿಗೆ ನಾಲ್ಕು ನೂರು ವರ್ಷದ ನಂತರವೂ ಈ ನೆಲದಲ್ಲಿ ಒಳ್ಳೆಯ ಹೆಸರಿದೆ ಎಂಬುದಂತೂ ನಿಜ.

ದ್ರಾಕ್ಷಿ ತೋಟದಲ್ಲಿ

ತಿಕೋಟಾ ಬರುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ಚಪ್ಪರಗಳು. ನಾನು ಹುಡುಗನಾಗಿದ್ದಾಗ ಈ ಭಾಗ ಎಂದರೆ ಬಿಳಿಜೋಳ, ಕಡಲೆ, ಟ್ಯಾಂಕರಿನ ನೀರು. ತುಬಚಿ-ಬಬಲೇಶ್ವರ ಏತ ನೀರಾವರಿಯಂತಹ ಯೋಜನೆಗಳಿಂದ ಕೃಷ್ಣೆಯ ನೀರು ಕೆರೆಗಳಿಗೆ ಬಂದ ಮೇಲೆ ಚಿತ್ರವೇ ಬದಲಾಯಿತು. ಆದರೆ ದ್ರಾಕ್ಷಿ ಎಂದರೆ ಸುಮ್ಮನಲ್ಲ. ಕಲ್ಲಿನ ಕಂಬ, ತಂತಿ, ಹನಿ ನೀರಾವರಿ, ಔಷಧಿ ಎಲ್ಲಕ್ಕೂ ಬ್ಯಾಂಕಿನ ಸಾಲ ಬೇಕು. ಸಾಲಕ್ಕೆ ಉತಾರ ಬೇಕು. ಒಣ ಹೊಲವಿದ್ದಾಗ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಉತಾರದ ಕಾಗದ ನೀರು ಬಂದ ಮೇಲೆ ಮನೆಯ ಜೀವನಾಡಿಯಾಗಿದೆ. ನಗರದಲ್ಲಿ ಕುಳಿತು ಸಂದೇಶ ಬರೆಯುವಾಗ ಇದು ನನಗೆ ಹೊಳೆದಿರಲಿಲ್ಲ.

ಗೆಳೆಯ ತೋಟದ ಬದುವಿನಲ್ಲಿ ನಿಂತಿದ್ದ. ನನ್ನನ್ನು ಕಂಡು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ, "ಬಾರೋ ಮೌಲಾನಾ, ದಾರಿ ನೆನಪ ಐತೇನು?" ಎಂದ. ಅವನ ತಾಯಿ ಹೊರಗೆ ಬಂದು, "ನನ್ನಪ್ಪಾ, ಹೋದ ವರ್ಷ ಯಾಕ ಬರಲಿಲ್ಲೋ? ನಿನ್ನ ಡಬ್ಬಿ ಹಂಗ ಕುಂತೈತಿ" ಎಂದರು. ನಾನು ತಲೆ ತಗ್ಗಿಸಿದೆ.

ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು ಉಂಡ ಮೇಲೆ ಮಣೂಕ ಮಾಡುವ ಶೆಡ್ಡಿಗೆ ಕರೆದೊಯ್ದ. ಕಿತ್ತ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ನೆರಳಿನಲ್ಲಿ ಹರಡುತ್ತಾರೆ. ಎರಡು ವಾರ ಗಾಳಿಯೇ ಒಣಗಿಸಬೇಕು. ನಡುವೆ ಮಳೆ ಬಂದರೆ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಆ ಶೆಡ್ಡಿನ ನೆರಳಿನಲ್ಲಿ ಕುಳಿತು ನಾನು ಹೇಳಬೇಕಾದುದನ್ನು ಹೇಳಿದೆ: "ಅವತ್ತು ನಾನು ಬರೆದದ್ದು ತಪ್ಪು. ನಿನ್ನನ್ನು ಕೇಳದೆ ಬರೆದೆ."

ಅವನು ಬಹಳ ಹೊತ್ತು ಬಲೆಯ ಮೇಲಿನ ಹಣ್ಣುಗಳನ್ನು ಕೈಯಾಡಿಸುತ್ತಾ ಕುಳಿತ. "ನಂದೂ ತಪ್ಪೈತಿ. ಆ ಸುದ್ದಿ ಬಂದ ದಿನ ಉತಾರಾ ತಗಿಸಿ ನೋಡಿದೆ. ನಮ್ಮ ಹೆಸರಾ ಇತ್ತು. ಆದ್ರೂ ನಿದ್ದಿ ಬರಲಿಲ್ಲ. ವಿಜಯಪುರದಾಗ ಧರಣಿ ಕುಂತಾರಂತ ಒಂದು ದಿನ ಹೋದೆ. ಮೊದಲ ತಾಸು ಹೊಲದ ಮಾತು. ಆಮ್ಯಾಲೆ ಹೊಲದ ಮಾತು ಮುಗದು ನಿಮ್ಮ ಮಂದಿ ಮಾತು ಶುರು ಆತು. ನನ್ನ ಅಂಜಿಕಿ ನನ್ನ ಕೈಯಾಗಿಂದ ಕಸಗೊಂಡು ಮತ್ಯಾರೋ ಹಿಡಕೊಂಡಂಗ ಆತು. ಎದ್ದು ಬಂದೆ."

ಈ ಒಂದು ಮಾತಿಗಾಗಿಯೇ ನಾನು ಅಷ್ಟು ದೂರ ಹೋಗಿದ್ದೆನೇನೋ ಅನಿಸಿತು.

ಹೊನವಾಡದ ಹನ್ನೊಂದು ಎಕರೆ

ಮಧ್ಯಾಹ್ನ ಅವನ ಬೈಕಿನಲ್ಲಿ ಹೊನವಾಡಕ್ಕೆ ಹೋದೆವು. ದೇಶವೆಲ್ಲ ಮಾತಾಡಿದ ಊರು ನೋಡಲು ಎಲ್ಲ ಊರುಗಳಂತೆಯೇ ಇದೆ. ಕಪ್ಪು ಮಣ್ಣು, ಕಟಾವಿಗೆ ಬಂದ ಜೋಳ, ಬೇವಿನ ಮರದ ಕೆಳಗೆ ಹರಟೆ ಹೊಡೆಯುವ ಹಿರಿಯರು.

ನಡೆದದ್ದು ಏನು? ಜಿಲ್ಲಾ ಉಸ್ತುವಾರಿ ಸಚಿವರೂ ಬಬಲೇಶ್ವರದ ಶಾಸಕರೂ ಆದ ಎಂ.ಬಿ. ಪಾಟೀಲರು ಆಗ ಕೊಟ್ಟ ವಿವರಣೆ ಹೀಗಿತ್ತು. ವಿಜಯಪುರ ನಗರದ ಮಹಲಬಾಗಾಯತದ ಆಸ್ತಿಯನ್ನು ನಮೂದಿಸುವಾಗ 1974ರ ಗೆಜೆಟ್‌ನಲ್ಲಿ ಕಂಸದೊಳಗೆ 'ಹೊನವಾಡ' ಎಂದು ತಪ್ಪಾಗಿ ಸೇರಿತ್ತು. 1977ರಲ್ಲಿ ಅದನ್ನು ಸರಿಪಡಿಸಲಾಗಿತ್ತು. ಹೊನವಾಡದಲ್ಲಿ ವಕ್ಫ್ ಆಸ್ತಿ ಇರುವುದು ಸುಮಾರು 11 ಎಕರೆ ಮಾತ್ರ. ಅದರಲ್ಲಿ 10 ಎಕರೆ 14 ಗುಂಟೆ ಖಬರಸ್ತಾನ, ಉಳಿದದ್ದು ಈದ್ಗಾಹ್, ಮಸೀದಿ ಮುಂತಾದವು. ಅಂದರೆ ಐವತ್ತು ವರ್ಷದ ಹಿಂದೆ ಯಾರೋ ಗುಮಾಸ್ತ ಕಂಸದೊಳಗೆ ಬರೆದ ಒಂದು ಊರಿನ ಹೆಸರು 11 ಎಕರೆಯನ್ನು 1,200 ಎಕರೆ ಮಾಡಿತು!

ಆದರೆ ಎಲ್ಲವೂ ಬರೀ ಸುಳ್ಳು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಜಿಲ್ಲೆಯ ಬೇರೆ ಕಡೆ ರೈತರಿಗೆ ನೋಟಿಸುಗಳು ಹೋಗಿದ್ದು ನಿಜ. ಇಂಡಿ ತಾಲೂಕಿನಲ್ಲಿ ಮುಂಚಿತವಾಗಿ ನೋಟಿಸನ್ನೂ ಕೊಡದೆ ಕೆಲವು ಪಹಣಿಗಳಲ್ಲಿ ವಕ್ಫ್ ಹೆಸರು ಸೇರಿಸಿದ್ದೂ ನಿಜ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ನವೆಂಬರಿನಲ್ಲಿ ಆ ನೋಟಿಸುಗಳನ್ನು ಹಿಂಪಡೆಯಲು ಸೂಚಿಸಬೇಕಾಯಿತು. ಕೇಳದೆ ಪಹಣಿ ತಿದ್ದುವುದು ಅನ್ಯಾಯ. ಅದು ನಮ್ಮ ಹೆಸರಿನಲ್ಲಿ ನಡೆದರೂ ಅನ್ಯಾಯವೇ. ನಿಮ್ಮ ವಿರುದ್ಧವೇ ಆದರೂ ನ್ಯಾಯದ ಪರ ನಿಲ್ಲಿರಿ ಎಂದು ಕುರ್‌ಆನ್ ನಮಗೆ ಕಲಿಸಿರುವಾಗ ನನ್ನ ವಾಟ್ಸ್‌ಆ್ಯಪ್ ಸಂದೇಶ ಯಾವ ಪಾಠದ್ದು?

ಇನ್ನೊಂದು ಮುಖವನ್ನೂ ಹೇಳಬೇಕು. ಜಿಲ್ಲೆಯಲ್ಲಿ ದಾಖಲಾಗಿದ್ದ 14 ಸಾವಿರಕ್ಕೂ ಹೆಚ್ಚು ಎಕರೆ ವಕ್ಫ್ ಭೂಮಿಯಲ್ಲಿ 11,800ಕ್ಕೂ ಹೆಚ್ಚು ಎಕರೆ ಭೂಸುಧಾರಣಾ ಕಾಯ್ದೆಯಡಿ, 1,400ಕ್ಕೂ ಹೆಚ್ಚು ಎಕರೆ ಇನಾಂ ರದ್ದತಿಯಡಿ ಉಳುವವರಿಗೆ ಹೋಗಿದೆ, ವಕ್ಫ್ ಮಂಡಳಿಯ ಬಳಿ ಉಳಿದಿರುವುದು ಸುಮಾರು 770 ಎಕರೆ ಎಂದು ಸಚಿವರು ಅದೇ ದಿನಗಳಲ್ಲಿ ತಿಳಿಸಿದ್ದರು. ವಕ್ಫ್ ರೈತನ ಹೊಲ ನುಂಗುತ್ತಿದೆ ಎಂಬ ಕೂಗಿನ ನಡುವೆ, ವಕ್ಫ್ ಭೂಮಿಯೇ ದಶಕಗಳ ಹಿಂದೆ ರೈತರ ಪಾಲಾದ ಈ ಲೆಕ್ಕ ಯಾರ ಕಿವಿಗೂ ಬೀಳಲಿಲ್ಲ. ಬಿದ್ದದ್ದು ಬೇರೆ ಸುದ್ದಿ. ಹಾವೇರಿ ಜಿಲ್ಲೆಯ ರೈತರೊಬ್ಬರ ಆತ್ಮಹತ್ಯೆಗೆ ವಕ್ಫ್ ಕಾರಣ ಎಂದು ಹರಡಲಾಯಿತು. ಆ ಸಾವು 2022ರದ್ದು, ಕಾರಣ ಸಾಲ ಎಂದು ಪೊಲೀಸರು ಹೇಳುವಷ್ಟರಲ್ಲಿ ಸುದ್ದಿ ಊರೂರು ಸುತ್ತಿತ್ತು.

ಭಯದಿಂದ ಲಾಭ ಪಡೆದವರು ಯಾರು? ರೈತನಂತೂ ಅಲ್ಲ. 2025ರ ಏಪ್ರಿಲ್‌ನಲ್ಲಿ ಸಂಸತ್ತು ಹೊಸ ವಕ್ಫ್ ಕಾಯ್ದೆ ಮಾಡಿತು. ವಕ್ಫ್ ಆಸ್ತಿಯು ಸರಕಾರದ ಆಸ್ತಿಯೋ ಎಂಬ ವಿವಾದ ಬಂದಾಗ ಸರಕಾರದ ಅಧಿಕಾರಿಯೇ ತೀರ್ಮಾನಿಸುವ ಅವಕಾಶ ಅದರಲ್ಲಿತ್ತು. ವಾದಿಯೇ ತೀರ್ಪುಗಾರ! ಅದೇ ವರ್ಷದ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟು ತನ್ನ ಮಧ್ಯಂತರ ಆದೇಶದಲ್ಲಿ ಆ ಅಧಿಕಾರಕ್ಕೂ ಇನ್ನು ಕೆಲವು ಅಂಶಗಳಿಗೂ ತಡೆ ನೀಡಿತು. ಇಂದು ವಕ್ಫ್ ವಿಷಯದಲ್ಲಿ ಸರಕಾರಕ್ಕೆ ಬಿಟ್ಟುಕೊಟ್ಟ ಇಂಥ ಅಧಿಕಾರ ನಾಳೆ ಇನಾಂ ಹೊಲಕ್ಕೂ, ಮಠದ ಜಮೀನಿಗೂ, ಗೆಳೆಯನ ದ್ರಾಕ್ಷಿ ತೋಟಕ್ಕೂ ಬರಲಾರದೆಂದು ಯಾರು ಹೇಳಬಲ್ಲರು?

ಖಬರಸ್ತಾನದ ಗೋಡೆಯ ಹತ್ತಿರ ನಿಂತು ನಾನು ದುಆ ಮಾಡಿದೆ. ಗೆಳೆಯ ಚಪ್ಪಲಿ ಬಿಟ್ಟು ಪಕ್ಕದಲ್ಲಿ ನಿಂತಿದ್ದ. "ಇಷ್ಟಾ ಏನು?" ಎಂದ. "ಇಷ್ಟೇ," ಎಂದೆ.

ಬಬಲೇಶ್ವರದ ಸಂಜೆ

ಅಲ್ಲಿಂದ ಒಳದಾರಿಯಲ್ಲಿ ಬಬಲೇಶ್ವರದ ಕಡೆಗೆ ಹೊರಟೆವು. ದಾರಿಯುದ್ದಕ್ಕೂ ಅವನು ಬಿಜ್ಜರಗಿಯ ಮಾತಾಡಿದ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತಿಕೋಟಾ ತಾಲೂಕಿನ ಆ ಊರಿನವರು. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದರು. 2023ರ ಜನವರಿ 2ರಂದು ತೀರಿಕೊಂಡಾಗ, ತಮಗೆ ಯಾವ ಸ್ಮಾರಕವೂ ಬೇಡವೆಂದು ಬರೆದಿಟ್ಟಿದ್ದರು. ಧರ್ಮ ಅಧಿಕಾರದ ಬಾಗಿಲಿಗೆ ಹೋಗದಿದ್ದರೆ ಎಲ್ಲ ಧರ್ಮದವರೂ ಅದಕ್ಕೆ ತಲೆಬಾಗುತ್ತಾರೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಬೇರೆ ಸಾಕ್ಷಿ ಬೇಕಿಲ್ಲ.

ಅಸರ್ ನಮಾಝ್‌ನ ಹೊತ್ತಿಗೆ ಬಬಲೇಶ್ವರ ಮುಟ್ಟಿದೆವು. ಹಿಂದೆ ವಿಜಯಪುರ ತಾಲೂಕಿಗೆ ಸೇರಿದ್ದ ಈ ಊರು ಈಗ ತಾಲೂಕು ಕೇಂದ್ರ. ಜಮಖಂಡಿ ರಸ್ತೆಯ ಇಕ್ಕೆಲಗಳಲ್ಲಿ ಕೃಷಿ ಔಷಧಿ, ಹನಿ ನೀರಾವರಿ ಪೈಪು, ಮೊಬೈಲು ಅಂಗಡಿಗಳು. ಅಕ್ಕ ಇಬ್ಬರಿಗೂ ಚಹಾ ಕೊಟ್ಟು, ಮಗನಿಗೆ ವೀಡಿಯೋ ಕರೆ ಹಚ್ಚಿಸಿದಳು. ನಮ್ಮಲ್ಲಿ ಸಂಜೆ, ಅಲ್ಲಿ ಬೆಳಗು.

ಅಳಿಯ ಹೇಳಿದ ಟೆಕ್ಸಾಸಿನ ಕಥೆಯನ್ನು ನಾನು ಆಮೇಲೆ ಪತ್ರಿಕೆಗಳಲ್ಲಿ ಓದಿ ಖಚಿತಪಡಿಸಿಕೊಂಡೆ. ಪ್ಲೇನೋದ ಮಸೀದಿಯೊಂದಕ್ಕೆ ಸಂಬಂಧಿಸಿದ ಜನ ಜೋಸೆಫೀನ್ ಎಂಬ ಸಣ್ಣ ಊರಿನ ಬಳಿ 402 ಎಕರೆ ಜಾಗದಲ್ಲಿ ಸಾವಿರಕ್ಕೂ ಹೆಚ್ಚು ಮನೆ, ಶಾಲೆ, ಮಸೀದಿ ಇರುವ ಬಡಾವಣೆ ಕಟ್ಟಲು ಯೋಜನೆ ಹಾಕಿದರು. 2025ರಲ್ಲಿ ರಾಜ್ಯದ ಗವರ್ನರ್ ಗ್ರೆಗ್ ಅಬಾಟ್ ಅದನ್ನು 'ಶರಿಯಾ ನಗರ' ಎಂಬಂತೆ ಬಣ್ಣಿಸಿ, ಒಂದರ ಮೇಲೊಂದು ತನಿಖೆಗೆ ಆದೇಶಿಸಿದರು. ಯಾರು ಬೇಕಾದರೂ ಮನೆ ಕೊಳ್ಳಬಹುದು, ದೇಶದ ಕಾನೂನೇ ನಮ್ಮ ಕಾನೂನು ಎಂದು ಅವರು ಹೇಳಿದ್ದನ್ನು ಕೇಳುವವರಿರಲಿಲ್ಲ. ಕೇಂದ್ರದ ನ್ಯಾಯಾಂಗ ಇಲಾಖೆ ಜೂನ್ ತಿಂಗಳಲ್ಲಿ ಯಾವ ಆರೋಪವನ್ನೂ ಹೊರಿಸದೆ ತನ್ನ ತನಿಖೆ ಮುಗಿಸಿತು. ರಾಜ್ಯದವರ ಕಾಟ ಆಗಲೂ ನಿಲ್ಲಲಿಲ್ಲ.

ಅದೇ ವರ್ಷ ಟೆಕ್ಸಾಸಿನ ಪ್ರತಿ ಸರಕಾರಿ ಶಾಲೆಯ ತರಗತಿಯಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂಬ ಕಾಯ್ದೆ ಬಂತು. ಹತ್ತು ಆಜ್ಞೆಗಳ ಬಗ್ಗೆ ನಮಗೇನೂ ತಕರಾರಿಲ್ಲ, ಹಝ್ರತ್ ಮೂಸಾ ನಮ್ಮ ಪ್ರವಾದಿಯೂ ಹೌದು. ತಕರಾರು ಇರುವುದು ಸರಕಾರವೇ ಧರ್ಮಗುರುವಾಗುವುದಕ್ಕೆ. ಸರಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದೆಂದು ಆ ದೇಶದ ಸಂವಿಧಾನಕ್ಕೆ 1791ರಲ್ಲೇ ತಿದ್ದುಪಡಿ ಬಂದಿದೆ. ಆ ದೇಶದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಬಳಿ ಕುರ್‌ಆನಿನ ಇಂಗ್ಲಿಷ್ ಅನುವಾದವಿತ್ತು. 2007ರಲ್ಲಿ ಅಮೆರಿಕದ ಸಂಸತ್ತಿನ ಮೊದಲ ಮುಸ್ಲಿಂ ಸದಸ್ಯ ಕೀತ್ ಎಲಿಸನ್ ಪ್ರಮಾಣವಚನದ ವಿಧಿಯಲ್ಲಿ ಬಳಸಿದ್ದು ಅದೇ ಪ್ರತಿಯನ್ನು. ಅಂಥ ದೇಶದಲ್ಲಿ 2021ರ ಜನವರಿ 6ರಂದು ಚುನಾವಣೆಯ ಫಲಿತಾಂಶ ಒಪ್ಪದ ಗುಂಪು ಸಂಸತ್ತಿಗೆ ನುಗ್ಗಿತು, ಅದರಲ್ಲಿ ಶಿಲುಬೆ ಹಿಡಿದವರೂ ಇದ್ದರು. 2025ರ ಜನವರಿ 20ರಂದು ಮತ್ತೆ ಅಧಿಕಾರಕ್ಕೆ ಬಂದ ಟ್ರಂಪ್ ಮೊದಲ ದಿನವೇ ಆ ಪ್ರಕರಣದ ಸುಮಾರು 1,500 ಜನರಿಗೆ ಕ್ಷಮಾದಾನ ಕೊಟ್ಟರು.

"ಮಾಮೂ, ನಿಮಗ ಇಲ್ಲಿ ಹೆದರಿಕಿ ಇಲ್ಲೇನು ಅಂತ ಅಮ್ಮಾ ದಿನಾ ಕೇಳ್ತಾಳ," ಎಂದ ಅಳಿಯ. "ಹೆದರಿಕಿ ಐತ್ರಿ. ಆದ್ರ ಒಬ್ಬವರ ಅಂತೂ ಅಲ್ಲ." ಹತ್ತು ಆಜ್ಞೆಗಳ ಕಾಯ್ದೆಯ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಯಹೂದಿ, ಕ್ರೈಸ್ತ, ಹಿಂದೂ ಪಾಲಕರೂ, ಯಾವ ಧರ್ಮಕ್ಕೂ ಸೇರದವರೂ ಇದ್ದರು. 2025ರ ಆಗಸ್ಟಿನಲ್ಲಿ ಒಬ್ಬ ನ್ಯಾಯಾಧೀಶರು ಕೆಲವು ಶಾಲಾ ಜಿಲ್ಲೆಗಳ ಮಟ್ಟಿಗೆ ಅದಕ್ಕೆ ತಡೆ ಕೊಟ್ಟರು. 2017ರ ಜನವರಿಯಲ್ಲಿ ಏಳು ಮುಸ್ಲಿಂ ದೇಶಗಳವರ ಪ್ರವೇಶ ನಿಷೇಧಿಸಿದಾಗ ವಕೀಲರು ತಾವಾಗಿಯೇ ವಿಮಾನ ನಿಲ್ದಾಣಗಳ ನೆಲದ ಮೇಲೆ ಕುಳಿತು ಅರ್ಜಿ ಬರೆದುಕೊಟ್ಟರು. ಅವರಲ್ಲಿ ಹೆಚ್ಚಿನವರು ಮುಸ್ಲಿಮರಲ್ಲ. ಮುಂದೆ 2018ರಲ್ಲಿ ಆ ನಿಷೇಧದ ತಿದ್ದಿದ ರೂಪವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು ಎಂಬುದೂ ನಿಜ. ಕೋರ್ಟುಗಳು ಎಲ್ಲ ಸಲವೂ ಕಾಪಾಡುವುದಿಲ್ಲ. ಆದರೆ ಆ ರಾತ್ರಿ ನೆಲದ ಮೇಲೆ ಕುಳಿತವರನ್ನು ಅಲ್ಲಿಯ ಮುಸ್ಲಿಮರು ಮರೆತಿಲ್ಲ.

ಗೆಳೆಯ ಇದನ್ನೆಲ್ಲ ಕೇಳುತ್ತಾ ಕುಳಿತಿದ್ದ. ಆಮೇಲೆ ಮೊಬೈಲಿನ ಕಡೆ ಬಾಗಿ, "ತಮ್ಮಾ, ಆ ನಾಕನೂರು ಎಕರೆ ಕಾಗದ ಪಕ್ಕಾ ಅದಾವಿಲ್ಲೋ?" ಎಂದು ಕೇಳಿದ. "ಪಕ್ಕಾ ಅದಾವ್ರಿ ಕಾಕಾ," ಎಂದ ಅಳಿಯ. "ಹಂಗಾದ್ರ ಅಂಜಬ್ಯಾಡ. ಆದ್ರ ಅಂಜಿಕಿ ಹೋಗೂದಿಲ್ಲ, ಅದು ನನಗ ಗೊತ್ತೈತಿ." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಓದುಗರೇ, ನಾನು ಈ ಪ್ರಯಾಣದಿಂದ ಕಲಿತದ್ದು ಇಷ್ಟು. ಟೆಕ್ಸಾಸ್‌ನಲ್ಲಾಗಲಿ ತಿಕೋಟಾದಲ್ಲಾಗಲಿ ಜನರ ಭಯ ನಿಜವಾದದ್ದು, ಅದನ್ನು ನಗೆಯಾಡಬಾರದು. ಆದರೆ ಆ ಭಯವನ್ನು ಕೈಗೆತ್ತಿಕೊಂಡು 'ನನಗೆ ಅಧಿಕಾರ ಕೊಡಿ' ಎಂದು ಬರುವವನನ್ನು ಇಬ್ಬರೂ ಸೇರಿ ಗುರುತಿಸಬೇಕು. ಒಬ್ಬರ ಭಯವನ್ನು ಇನ್ನೊಬ್ಬರು ಬಂದು ಕೇಳದಿದ್ದರೆ ಅವನು ಬಂದು ಕೇಳುತ್ತಾನೆ. ನಮ್ಮ ಪಾಲಿನ ಕೆಲಸವೂ ಇದೆ. 1977ರಲ್ಲೇ ತಿದ್ದಿದ ತಪ್ಪು 2024ರವರೆಗೆ ಊರಿನವರಿಗೆ ಗೊತ್ತಿಲ್ಲವೆಂದರೆ ನಮ್ಮ ಜಮಾಅತ್‌ಗಳು, ಮುತವಲ್ಲಿಗಳು ಏನು ಮಾಡುತ್ತಿದ್ದರು? ಪ್ರತಿ ಊರಿನ ವಕ್ಫ್ ದಾಖಲೆಯನ್ನು ಪಂಚಾಯಿತಿಯ ಕಟ್ಟೆಯ ಮೇಲೆ ಎಲ್ಲರೆದುರು ಬಿಚ್ಚಿ ಓದಬೇಕು. ನಮ್ಮದಲ್ಲದ ಒಂದು ಗುಂಟೆಯೂ ನಮಗೆ ಬೇಡ ಎಂದು ನಾವೇ ಮೊದಲು ಹೇಳಬೇಕು. ಆಗ ನಮ್ಮ ಖಬರಸ್ತಾನದ ಗೋಡೆಗೆ ಊರೇ ಕಾವಲು ನಿಲ್ಲುತ್ತದೆ.

ಮಗ್ರಿಬ್ ಮುಗಿಸಿ ಬಸ್ ಹತ್ತುವಾಗ ಗೆಳೆಯ ಬೈಕಿನ ಚೀಲದಿಂದ ಎರಡು ಡಬ್ಬಿ ತೆಗೆದುಕೊಟ್ಟ. "ಒಂದು ಈ ವರ್ಷದ್ದು. ಇನ್ನೊಂದು ಹೋದ ವರ್ಷದ್ದು, ಅವ್ವ ಇಟ್ಟಿದ್ಲು."

ಆ ರಮಝಾನಿನ ಮೊದಲ ದಿನ ನಾನು ಹಳೆಯ ಡಬ್ಬಿಯನ್ನೇ ಮೊದಲು ತೆರೆದೆ. ಮಣೂಕದ ಬಣ್ಣ ಸ್ವಲ್ಪ ಕಪ್ಪಾಗಿತ್ತು. ರುಚಿ ಕೆಟ್ಟಿರಲಿಲ್ಲ.